ಕಚೇರಿಯ ಡೈರೆಕ್ಟರಿ: ಯಾರು ನೋಡಬಹುದು, ಯಾರು ನೋಡಬೇಕು



ಬೆಳಿಗ್ಗೆ ಕಚೇರಿಗೆ ಹೋದವರು ಕಂಪ್ಯೂಟರ್ ಆನ್ ಮಾಡಿ ಹೆಸರು ಒತ್ತುತ್ತೀರಿ, ಪಾಸ್‌ವರ್ಡ್ ಒತ್ತುತ್ತೀರಿ, ಪರದೆ ತೆರೆದುಕೊಳ್ಳುತ್ತದೆ. ನಿಮ್ಮ ಯಂತ್ರ ಕೆಟ್ಟ ದಿನ ಪಕ್ಕದ ಮೇಜಿಗೆ ಹೋಗಿ ಕೂತು ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೆ ಅಲ್ಲೂ ತೆರೆಯುತ್ತದೆ. ಮೇಲಿನ ಮಹಡಿಯ ಪ್ರಿಂಟರಿಗೂ ನೀವು ಯಾರೆಂದು ಗೊತ್ತು. ಅಂದ ಮೇಲೆ ನಿಮ್ಮ ಗುರುತು ನಿಮ್ಮ ಯಂತ್ರದೊಳಗೆ ಇಲ್ಲ, ಇಡೀ ಕಚೇರಿಗೆ ಸೇರಿದ ಬೇರೊಂದು ಕಡೆ ಇದೆ. ಆ ಜಾಗಕ್ಕೆ ಕಂಪ್ಯೂಟರ್ ವಿಭಾಗದವರು ಡೈರೆಕ್ಟರಿ ಎನ್ನುತ್ತಾರೆ. ಯಾರಿಗೆ ಲಾಗಿನ್ ಇದೆ, ಯಾರದು ಬಂದ್ ಆಗಿದೆ, ಪಾಸ್‌ವರ್ಡಿನಲ್ಲಿ ಎಷ್ಟು ಅಕ್ಷರ ಇರಬೇಕು, ಎಷ್ಟು ಸಲ ತಪ್ಪು ಒತ್ತಿದರೆ ಖಾತೆ ಲಾಕ್ ಆಗುತ್ತದೆ, ಎಲ್ಲ ಅಲ್ಲೇ ಬರೆದಿರುತ್ತದೆ.

ಈ ಡೈರೆಕ್ಟರಿಯನ್ನು ತೆರೆದು ಓದಲಿಕ್ಕೆ ಉಪಕರಣಗಳಿವೆ. ಬಹಳಷ್ಟು ಪುಕ್ಕಟೆ ಸಿಗುತ್ತವೆ. ಇವತ್ತು ಅವುಗಳ ವಿಚಾರ ಮಾತಾಡುತ್ತೇನೆ. ನಾನು ಯಾರ ಪಕ್ಷ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇವು ಕಳ್ಳರ ಸಾಮಾನು, ಮುಟ್ಟಬಾರದು ಎನ್ನುವ ಕಚೇರಿಗಳನ್ನು ಕಂಡರೆ ನನಗೆ ಗಾಬರಿ. ಕಳ್ಳರ ಹತ್ತಿರ ಅವು ಹೇಗೂ ಇವೆ. ಇಲ್ಲದಿರುವುದು ನಮ್ಮವರ ಹತ್ತಿರ.

ಡೈರೆಕ್ಟರಿಯ ಕಥೆ ಶುರುವಾಗುವುದು ಟೆಲಿಫೋನಿನವರಿಂದ. 1988ರಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಸಮಿತಿಯೂ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯೂ ಸೇರಿ ಎಕ್ಸ್.500 ಎಂಬ ನಿಯಮಾವಳಿ ಹೊರತಂದವು. ಲೋಕದ ಎಲ್ಲ ದೇಶಗಳ, ಎಲ್ಲ ಸಂಸ್ಥೆಗಳ, ಎಲ್ಲ ಜನರ ವಿವರ ಒಂದೇ ವಂಶವೃಕ್ಷದಲ್ಲಿ ಸಿಗಬೇಕು ಎಂಬುದು ಅವರ ಆಸೆ. ಮೇಲೆ ದೇಶ, ಅದರ ಕೆಳಗೆ ಸಂಸ್ಥೆ, ಸಂಸ್ಥೆಯ ಕೆಳಗೆ ವಿಭಾಗ, ಕೊನೆಗೆ ಮನುಷ್ಯ. ಆಸೆ ದೊಡ್ಡದು, ಅದನ್ನು ನಡೆಸುವ ತಂತ್ರಾಂಶ ಇನ್ನೂ ದೊಡ್ಡದು. ಆ ಕಾಲದ ಮೇಜಿನ ಮೇಲಿನ ಕಂಪ್ಯೂಟರುಗಳಿಗೆ ಆ ಭಾರ ಹೊರುವ ಶಕ್ತಿ ಇರಲಿಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೌಸ್ ಮತ್ತು ಅವರ ಜೊತೆಗಾರರು ಅದನ್ನು ಇಳಿಸಿ, ಹಗುರ ಮಾಡಿ, 1993ರ ಜುಲೈನಲ್ಲಿ ಹೊಸ ನಿಯಮವೊಂದನ್ನು ಪ್ರಕಟಿಸಿದರು. ಅದೇ ಎಲ್‌ಡಿಎಪಿ. ಕೆಲಸ ಮಾಡುವವರ ಬಾಯಲ್ಲಿ ಅದು ಎಲ್‌ಡ್ಯಾಪ್. 1997ರ ಡಿಸೆಂಬರಿನಲ್ಲಿ ಬಂದ ಅದರ ಮೂರನೇ ಆವೃತ್ತಿಯೇ ಇವತ್ತಿಗೂ ಚಾಲ್ತಿಯಲ್ಲಿದೆ. ಲೋಕಕ್ಕೆಲ್ಲ ಒಂದೇ ಡೈರೆಕ್ಟರಿ ಆಗಲೇ ಇಲ್ಲ, ಪ್ರತಿ ಸಂಸ್ಥೆಗೂ ತನ್ನದೇ ಒಂದು ಆಯಿತು. ಎಕ್ಸ್.500ರ ಜೊತೆಗೇ ಹುಟ್ಟಿದ ಎಕ್ಸ್.509 ಎಂಬ ತಮ್ಮ ಮಾತ್ರ ಬಹಳ ಮುಂದೆ ಬಂದ. ನಿಮ್ಮ ಬ್ಯಾಂಕಿನ ವೆಬ್‌ಸೈಟು ನಿಜವಾಗಿ ಆ ಬ್ಯಾಂಕಿನದೇ ಎಂದು ಸಾಕ್ಷಿ ಹೇಳುವ ಸರ್ಟಿಫಿಕೇಟು ಅವನದೇ ಮಾದರಿಯದು.

ಮೂರನೇ ಆವೃತ್ತಿಯಿಂದ ನಮಗೂ ಒಂದು ಲಾಭವಾಯಿತು. ಅದು ಅಕ್ಷರಗಳನ್ನು ಯುಟಿಎಫ್-8ರಲ್ಲಿ ಇಡುತ್ತದೆ, ಆದ್ದರಿಂದ ಕನ್ನಡ ಹೆಸರನ್ನು ಕನ್ನಡದಲ್ಲೇ ಬರೆದಿಡಬಹುದು. ಹೀಗೆ ಬರೆದಿಟ್ಟ ಕಚೇರಿಗಳು ಎಷ್ಟಿವೆ ಎಂದು ಮಾತ್ರ ಕೇಳಬೇಡಿ. ನಮ್ಮ ಹೆಸರುಗಳ ನಿಜವಾದ ತಾಪತ್ರಯ ಲಿಪಿಯದಲ್ಲ, ಖಾನೆಯದು. ಲೈನಕ್ಸ್ ಸರ್ವರುಗಳಲ್ಲಿ ಓಪನ್ ಎಲ್‌ಡ್ಯಾಪ್ ಬಳಸುವ ಕಾಲೇಜುಗಳಲ್ಲಿ ಒಬ್ಬ ವ್ಯಕ್ತಿಯ ದಾಖಲೆ ಮಾಡಬೇಕಾದರೆ ಎರಡು ಖಾನೆ ಕಡ್ಡಾಯವಾಗಿ ತುಂಬಬೇಕು. ಒಂದು ಪೂರ್ತಿ ಹೆಸರು, ಇನ್ನೊಂದು ಮನೆತನದ ಹೆಸರು. ಹಳೆ ಮೈಸೂರಿನ ಮಂಜುನಾಥನಿಗೆ ಮನೆತನದ ಹೆಸರು ಎಲ್ಲಿಂದ ತರುವುದು? ಅವನಿಗೆ ಇರುವುದು ಊರಿನ ಒಂದು ಇನಿಷಿಯಲ್, ಅಪ್ಪನ ಒಂದು ಇನಿಷಿಯಲ್. ಖಾನೆ ಖಾಲಿ ಬಿಟ್ಟರೆ ಸರ್ವರ್ ದಾಖಲೆಯನ್ನು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕೆಲವರು ಅಲ್ಲಿ ಇನಿಷಿಯಲ್ ಹಾಕುತ್ತಾರೆ, ಕೆಲವರು ಮಂಜುನಾಥ ಎಂದೇ ಇನ್ನೊಮ್ಮೆ ಹಾಕುತ್ತಾರೆ, ಬೇಸತ್ತವರು ಬರೀ ಒಂದು ಚುಕ್ಕೆ ಇಡುತ್ತಾರೆ. ವಿಂಡೋಸ್ ಕಡೆ ಈ ಕಾಟ ಇಲ್ಲ, ಅಲ್ಲಿನದು ಬೇರೆ. ಹಳೆಯ ಪದ್ಧತಿಯ ಲಾಗಿನ್ ಹೆಸರು 20 ಅಕ್ಷರ ದಾಟುವಂತಿಲ್ಲ. ಲಕ್ಷ್ಮೀನರಸಿಂಹಮೂರ್ತಿ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಣಿಸಿ ನೋಡಿ, 22 ಆಗುತ್ತದೆ. ಬಾಲ ಕತ್ತರಿಸಿದ ಹೆಸರಿನಲ್ಲೇ ಆ ಪುಣ್ಯಾತ್ಮರು ನಿವೃತ್ತಿಯವರೆಗೂ ಲಾಗಿನ್ ಆಗಬೇಕು.

ವಿಂಡೋಸ್ ಕಡೆ ಎಂದೆ. ನಮ್ಮಲ್ಲಿ ಕಚೇರಿಯ ಡೈರೆಕ್ಟರಿ ಎಂದರೆ ಹೆಚ್ಚು ಕಡಿಮೆ ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿಯೇ. 2000ದ ಫೆಬ್ರವರಿ 17ರಂದು ವಿಂಡೋಸ್ 2000ದ ಜೊತೆ ಅದು ಮಾರುಕಟ್ಟೆಗೆ ಬಂತು. ಓದುವ ಬರೆಯುವ ಭಾಷೆ ಎಲ್‌ಡ್ಯಾಪಿನದು. ಲಾಗಿನ್ ಪರಿಶೀಲಿಸುವ ವಿಧಾನ ಕೆರ್ಬರಾಸ್‌ನದು. ಈ ಕೆರ್ಬರಾಸ್ ಎಂಐಟಿಯಲ್ಲಿ 1983ರಲ್ಲಿ ಶುರುವಾದ ಅಥೀನಾ ಯೋಜನೆಯ ಕೂಸು, ಹೆಸರು ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯದು. ಇದು ಕೆಲಸ ಮಾಡುವ ಬಗೆ ಬಿಎಂಟಿಸಿಯ ದಿನದ ಪಾಸಿನ ಹಾಗೆ. ಬೆಳಿಗ್ಗೆ ಒಮ್ಮೆ ಗುರುತು ತೋರಿಸಿ ಪಾಸು ಪಡೆದರೆ ಆಮೇಲೆ ಪ್ರತಿ ಬಸ್ಸಿನಲ್ಲೂ ಪಾಸು ತೋರಿಸಿದರೆ ಸಾಕು, ದುಡ್ಡಿನ ಚೀಲ ತೆಗೆಯಬೇಕಾಗಿಲ್ಲ. ಇಲ್ಲಿ ದುಡ್ಡಿನ ಚೀಲ ಎಂದರೆ ಪಾಸ್‌ವರ್ಡ್. ಸಾಮಾನ್ಯವಾಗಿ ಈ ಪಾಸು 10 ಗಂಟೆ ನಡೆಯುತ್ತದೆ. ಪಾಸಿನ ಮೇಲೆ ಹೊತ್ತು ನಮೂದಾಗಿರುವುದರಿಂದ ಯಂತ್ರದ ಗಡಿಯಾರಕ್ಕೂ ಸರ್ವರಿನ ಗಡಿಯಾರಕ್ಕೂ 5 ನಿಮಿಷಕ್ಕಿಂತ ಹೆಚ್ಚು ಅಂತರ ಇರಬಾರದು. ಒಳಗಿನ ಸಣ್ಣ ಬ್ಯಾಟರಿ ಸತ್ತ ಕಂಪ್ಯೂಟರು ಕರೆಂಟು ಹೋಗಿ ಬಂದಾಗ ಯಾವುದೋ ಹಳೆಯ ಇಸವಿಗೆ ಹೋಗಿ ಕೂರುತ್ತದಲ್ಲ, ಆಗ ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಆಗದೆ ಗುಮಾಸ್ತರು ಕೀಬೋರ್ಡನ್ನು ಬೈಯುತ್ತಾ ಕೂರುವುದಕ್ಕೆ ಕಾರಣ ಇದೇ.

ಈಗ ಉಪಕರಣಕ್ಕೆ ಬರೋಣ. ಜೆಎಕ್ಸ್‌ಪ್ಲೋರರ್ ಇದೆ, ಅಪಾಚೆ ಡೈರೆಕ್ಟರಿ ಸ್ಟುಡಿಯೋ ಇದೆ, ಮೈಕ್ರೋಸಾಫ್ಟಿನದೇ ಎಡಿಎಸ್‌ಐ ಎಡಿಟ್ ಇದೆ. ನಾನು ಮಾತಾಡುವುದು ಎಡಿ ಎಕ್ಸ್‌ಪ್ಲೋರರ್ ಬಗ್ಗೆ. ಸಿಸ್‌ಇಂಟರ್ನಲ್ಸ್ ಎಂಬ ಹೆಸರಿನಲ್ಲಿ ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಶುರುಮಾಡಿದ, 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಉಪಕರಣಗಳ ಗಂಟಿನಲ್ಲಿ ಇದೂ ಒಂದು. ಇನ್‌ಸ್ಟಾಲ್ ಮಾಡುವ ಗೊಡವೆ ಇಲ್ಲ, ಒಂದೇ ಕಡತ, ತೆರೆದರೆ ಆಯಿತು. ಮೊದಲು ಒಂದು ಸಣ್ಣ ಚೌಕ ಬಂದು ಯಾವ ಸರ್ವರ್, ಯಾರ ಹೆಸರು, ಪಾಸ್‌ವರ್ಡ್ ಏನು ಎಂದು ಕೇಳುತ್ತದೆ. ಅಲ್ಲಿ ಅಡ್ಮಿನಿಸ್ಟ್ರೇಟರ್ ಖಾತೆ ಕೊಡಬೇಡಿ. ಇದರಲ್ಲಿ ಓದುವುದಷ್ಟೇ ಅಲ್ಲ, ತಿದ್ದಲಿಕ್ಕೂ ಬರುತ್ತದೆ. ಕೈ ತಪ್ಪಿದರೆ ಕಷ್ಟ. ಸಾಧಾರಣ ನೌಕರನ ಖಾತೆ ಕೊಟ್ಟು ಒಳಗೆ ಹೋದರೆ ತಿದ್ದುವ ಭಯವಿಲ್ಲ, ಓದಲಿಕ್ಕೆ ಅಷ್ಟೇ ಸಾಕು.

ಸಾಕು ಎಂಬ ಈ ಮಾತೇ ಹಲವರಿಗೆ ನಂಬಿಕೆ ಬರುವುದಿಲ್ಲ. ಆಕ್ಟಿವ್ ಡೈರೆಕ್ಟರಿಯಲ್ಲಿ ಬೇರೆ ಏರ್ಪಾಡು ಮಾಡದೆ ಬಿಟ್ಟರೆ, ಆ ಡೊಮೈನಿನಲ್ಲಿ, ಅಂದರೆ ಆ ಡೈರೆಕ್ಟರಿಯ ಆಡಳಿತಕ್ಕೆ ಸೇರಿದ ಜಾಲದಲ್ಲಿ, ಲಾಗಿನ್ ಇರುವ ಯಾರೇ ಆಗಲಿ, ಮೊನ್ನೆ ಸೇರಿದ ಅಪ್ರೆಂಟಿಸ್ ಕೂಡ, ಬಹುಪಾಲು ವಿವರಗಳನ್ನು ಓದಬಹುದು. ಪಾಸ್‌ವರ್ಡು ಮಾತ್ರ ಈ ದಾರಿಯಲ್ಲಿ ಓದಲಿಕ್ಕೆ ಯಾರಿಗೂ ಸಿಗುವುದಿಲ್ಲ, ಅಡ್ಮಿನಿಸ್ಟ್ರೇಟರಿಗೂ ಇಲ್ಲ. ಓಪನ್ ಎಲ್‌ಡ್ಯಾಪಿನ ಸ್ಥಿತಿ ಇನ್ನೂ ಬಿಚ್ಚು. ಯಾರು ಏನನ್ನು ನೋಡಬಹುದು ಎಂಬ ನಿಯಮವನ್ನು ಯಾರೂ ಬರೆಯದೆ ಬಿಟ್ಟರೆ, ಹೆಸರು ಹೇಳದೆ ಬಂದವರಿಗೂ ಎಲ್ಲವನ್ನೂ, ರೂಪ ಬದಲಿಸಿಟ್ಟ ಪಾಸ್‌ವರ್ಡನ್ನೂ ಸೇರಿಸಿ, ತೋರಿಸುವುದು ಅದರ ಮೂಲ ಸ್ವಭಾವ. ಡೆಬಿಯನ್‌ನಂಥ ಲೈನಕ್ಸ್ ಹಂಚಿಕೆಗಳು ತಾವೇ ಒಂದು ನಿಯಮ ಸೇರಿಸಿ ಕೊಡುವುದರಿಂದ ಎಷ್ಟೋ ಕಾಲೇಜುಗಳ ಮಾನ ಉಳಿದಿದೆ. ಇನ್ನೊಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. 389ನೇ ಪೋರ್ಟಿನಲ್ಲಿ ಸಾದಾ ವಿಧಾನದಿಂದ ಲಾಗಿನ್ ಆದರೆ ನಿಮ್ಮ ಪಾಸ್‌ವರ್ಡು ತಂತಿಯ ಮೇಲೆ ಬಯಲಾಗಿಯೇ ಹೋಗುತ್ತದೆ. ಜೆಎಕ್ಸ್‌ಪ್ಲೋರರ್‌ನಂಥವನ್ನು ಬಳಸುವವರು ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ 636ನೇ ಪೋರ್ಟು ಆರಿಸಿಕೊಳ್ಳಬೇಕು.

ಒಳಗೆ ಹೋದರೆ ಎಡಗಡೆ ವಿಭಾಗಗಳ ಕೊಂಬೆಗಳು, ಬಲಗಡೆ ಸಾಲುಗಳು. ಎಡಗಡೆ ಒಬ್ಬರ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಬಲಗಡೆ ಅವರ ಜಾತಕ ಬಿಚ್ಚಿಕೊಳ್ಳುತ್ತದೆ. ಫೋನು, ಹುದ್ದೆ, ಮೇಲಧಿಕಾರಿ ಯಾರು, ಯಾವ ಯಾವ ಗುಂಪಿಗೆ ಸೇರಿದ್ದಾರೆ, ಇದೆಲ್ಲ ಸರಿ. ಲಾಗಿನ್ನಿಗೆ ಸಂಬಂಧಿಸಿದ್ದು ನಾಲ್ಕಾರು ಸಾಲು. ಅದರಲ್ಲಿ ಒಂದು ಪಿಡಬ್ಲ್ಯುಡಿ ಲಾಸ್ಟ್ ಸೆಟ್. ಇಲ್ಲಿ ಪಿಡಬ್ಲ್ಯುಡಿ ಎಂದರೆ ಲೋಕೋಪಯೋಗಿ ಇಲಾಖೆ ಅಲ್ಲ, ಪಾಸ್‌ವರ್ಡು. ಅದನ್ನು ಕೊನೆಯ ಸಲ ಬದಲಿಸಿದ ಹೊತ್ತು ಅಲ್ಲಿರುತ್ತದೆ. ಎಡಿ ಎಕ್ಸ್‌ಪ್ಲೋರರ್ ಅದನ್ನು ದಿನಾಂಕವಾಗಿಯೇ ತೋರಿಸುತ್ತದೆ. ಬೇರೆ ಕೆಲವು ಉಪಕರಣಗಳಲ್ಲಿ 13ರಿಂದ ಶುರುವಾಗುವ 18 ಅಂಕಿಯ ಒಂದು ಸಂಖ್ಯೆ ಕಂಡು ಹೊಸಬರು ಕಕ್ಕಾಬಿಕ್ಕಿಯಾಗುತ್ತಾರೆ. ಅದು 1601ರ ಜನವರಿ 1ರಿಂದ ಈಚೆಗೆ ಕಳೆದ ಕಾಲ. ಎಣಿಸಿರುವುದು ಸೆಕೆಂಡಿನಲ್ಲಲ್ಲ, ಸೆಕೆಂಡಿನ ಒಂದು ಕೋಟಿ ಭಾಗದಲ್ಲಿ. 1601 ಏಕೆ? ಇಂಗ್ಲಿಷ್ ಪಂಚಾಂಗದ ಅಧಿಕ ವರ್ಷಗಳ ಲೆಕ್ಕ 400 ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ, ವಿಂಡೋಸ್ ಎನ್‌ಟಿ ಕಟ್ಟಿದ ಕಾಲದಲ್ಲಿ ನಡೆಯುತ್ತಿದ್ದ ಸುತ್ತು 1601ಕ್ಕೆ ಶುರುವಾದದ್ದು. ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದು ಅಲ್ಲಿ ದಸರಾ ನಡೆಸಿದ್ದು 1610ರಲ್ಲಿ. ನಿಮ್ಮ ಕಚೇರಿಯ ಡೈರೆಕ್ಟರಿ ಅದಕ್ಕೂ ಒಂಬತ್ತು ವರ್ಷ ಹಿಂದಿನಿಂದ ಕ್ಷಣ ಎಣಿಸುತ್ತಾ ಬಂದಿದೆ.

ಅದರ ಹತ್ತಿರವೇ ಯೂಸರ್ ಅಕೌಂಟ್ ಕಂಟ್ರೋಲ್ ಎಂಬ ಸಾಲು. ಇಲ್ಲಿ ಇರುವುದು ಒಂದೇ ಸಂಖ್ಯೆ, ಅದರಲ್ಲಿ ಹಲವು ಸಂಗತಿ ಕೂಡಿಸಿಟ್ಟಿರುತ್ತಾರೆ. 512 ಎಂದಿದ್ದರೆ ಮಾಮೂಲಿ ಖಾತೆ, ನಡೆಯುತ್ತಿದೆ. ಬಂದ್ ಆದ ಖಾತೆಗೆ 2 ಕೂಡಿ 514. ಪಾಸ್‌ವರ್ಡಿಗೆ ಅವಧಿಯೇ ಬೇಡ ಎಂದು ಯಾರೋ ಟಿಕ್ ಹಾಕಿದ್ದರೆ 65536 ಕೂಡುತ್ತದೆ, ಒಟ್ಟು 66048. ನಾನು ಮೊದಲು ಹುಡುಕುವುದು 544. ಅದು 512ಕ್ಕೆ 32 ಕೂಡಿದ್ದು. 32 ಎಂದರೆ ಈ ಖಾತೆಗೆ ಪಾಸ್‌ವರ್ಡ್ ಇರಲೇಬೇಕೆಂದಿಲ್ಲ ಎಂದು ಅರ್ಥ. ಇದ್ದರೂ ಇರಬಹುದು, ಇಲ್ಲದಿದ್ದರೆ ತಕರಾರಿಲ್ಲ. ಯಾವ ಕಾಲದಲ್ಲೋ ಒಟ್ಟಿಗೆ ನೂರಾರು ಖಾತೆಗಳನ್ನು ಸ್ಕ್ರಿಪ್ಟ್ ಬರೆದು ಸೃಷ್ಟಿಸಿದವರು ಇದನ್ನು ಹಾಗೇ ಬಿಟ್ಟು ಹೋಗಿರುತ್ತಾರೆ.

ಡಿಸ್ಕ್ರಿಪ್ಷನ್ ಎಂಬ ಸಾಲಂತೂ ನೋಡುವಂಥದ್ದು. ಖಾತೆಯ ಬಗ್ಗೆ ಎರಡು ಮಾತು ಬರೆಯಲಿಕ್ಕೆ ಕೊಟ್ಟ ಜಾಗ ಅದು. ಅಲ್ಲಿ ಪಾಸ್‌ವರ್ಡನ್ನೇ ಬರೆದಿಡುವ ಚಾಳಿ ಲೋಕದ ಎಲ್ಲ ದೇಶಗಳ ಅಡ್ಮಿನ್‌ಗಳಿಗೂ ಇದೆ. ಪ್ರಿಂಟರಿನಿಂದ ಸ್ಕ್ಯಾನ್ ಕಳಿಸಲು ಒಂದು ಖಾತೆ, ಬ್ಯಾಕಪ್ಪಿಗೆ ಒಂದು, ಹಾಜರಿ ಯಂತ್ರಕ್ಕೆ ಒಂದು. ಇವಕ್ಕೆ ಮನುಷ್ಯರು ಯಾರೂ ಲಾಗಿನ್ ಆಗುವುದಿಲ್ಲ, ಪಾಸ್‌ವರ್ಡ್ ಮರೆತುಹೋಗುತ್ತದೆ, ಎದುರಿಗೇ ಬರೆದಿಟ್ಟರೆ ಮುಂದೆ ಬರುವವನಿಗೆ ಅನುಕೂಲ ಎಂಬ ಲೆಕ್ಕ. ಮುಂದೆ ಬರುವವನು ಅಡ್ಮಿನ್ ಮಾತ್ರ ಅಲ್ಲ, ಆ ಸಾಲನ್ನು ಕಚೇರಿಯ ಎಲ್ಲರೂ ಓದಬಲ್ಲರು ಎಂಬುದು ಅವರಿಗೆ ಹೊಳೆದಿರುವುದಿಲ್ಲ. ಮೈಕ್ರೋಸಾಫ್ಟ್ ಕೂಡ ಇಂಥದ್ದರಲ್ಲಿ ಸಿಕ್ಕಿಕೊಂಡಿತ್ತು. ಎಲ್ಲ ಯಂತ್ರಗಳಿಗೂ ಒಂದೇ ಸಲ ಪಾಸ್‌ವರ್ಡ್ ಹಂಚಲು ಗ್ರೂಪ್ ಪಾಲಿಸಿ ಎಂಬ ತನ್ನ ಏರ್ಪಾಡಿನಲ್ಲಿ ಅದು ಒಂದು ಸೌಲಭ್ಯ ಕೊಟ್ಟಿತ್ತು. ಪಾಸ್‌ವರ್ಡನ್ನು ಗೂಢಲಿಪಿಯಲ್ಲೇ ಇಡುತ್ತಿತ್ತು, ಆದರೆ ಅದನ್ನು ಬಿಡಿಸುವ ಕೀಲಿಯನ್ನು ಕಂಪನಿಯೇ ತನ್ನ ಕೈಪಿಡಿಯಲ್ಲಿ ಅಚ್ಚು ಮಾಡಿತ್ತು. 2014ರ ಮೇ ತಿಂಗಳಲ್ಲಿ ಆ ಸೌಲಭ್ಯವನ್ನು ಕಿತ್ತುಹಾಕಿದರು. ಹೊಸದಾಗಿ ಪಾಸ್‌ವರ್ಡ್ ಇಡುವುದು ನಿಂತಿತು, ಅದಕ್ಕೆ ಮುಂಚೆ ಇಟ್ಟದ್ದು ಇಟ್ಟಲ್ಲೇ ಉಳಿಯಿತು. ಯಾರಾದರೂ ಹೋಗಿ ನೋಡಿ ಅಳಿಸಿದರೆ ಉಂಟು.

ಇನ್ನು ನಿವೃತ್ತರ ವಿಷಯ. ಬೀಳ್ಕೊಡುಗೆಯ ದಿನ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ತಪ್ಪದೆ ಆಗುತ್ತದೆ. ಪಿಂಚಣಿ ಕಾಗದವೂ ಹೊರಡುತ್ತದೆ. ಲಾಗಿನ್ ಖಾತೆಯನ್ನು ಬಂದ್ ಮಾಡಬೇಕೆಂದು ಮಾತ್ರ ಯಾರಿಗೂ ನೆನಪಾಗುವುದಿಲ್ಲ, ಏಕೆಂದರೆ ಅದು ಯಾವ ಫೈಲಿನಲ್ಲೂ ಇಲ್ಲ. ಇಂಥ ಖಾತೆ ಹುಡುಕಲು ಲಾಸ್ಟ್ ಲಾಗಾನ್ ಟೈಮ್‌ಸ್ಟ್ಯಾಂಪ್ ಎಂಬ ಸಾಲು ನೋಡಬೇಕು. ಅದನ್ನು ಗಡಿಯಾರದ ಹಾಗೆ ನಂಬಬಾರದು, ಸರ್ವರುಗಳ ನಡುವಿನ ಓಡಾಟ ಕಡಿಮೆ ಮಾಡಲೆಂದು ಅದನ್ನು 9ರಿಂದ 14 ದಿನ ತಡವಾಗಿ ತಿದ್ದುತ್ತಾರೆ. ಆರು ತಿಂಗಳಿಂದ ಯಾರೂ ಮುಟ್ಟದ ಖಾತೆ ಯಾವುದು ಎಂದು ತಿಳಿಯಲು ಆ ತಡ ಅಡ್ಡಿಯಲ್ಲ. ಇದು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಇದೆ. ಹೂಸ್ಟನ್ ಕಡೆಯಿಂದ ನ್ಯೂಜೆರ್ಸಿಯವರೆಗೆ ಸುಮಾರು 8,850 ಕಿಲೋಮೀಟರು ಉದ್ದಕ್ಕೆ ಪೆಟ್ರೋಲು ಸಾಗಿಸುವ ಕೊಳವೆ ಅದು. 2021ರ ಏಪ್ರಿಲ್ ಕೊನೆಯಲ್ಲಿ ದುಷ್ಕರ್ಮಿಗಳು ಒಳನುಗ್ಗಿದ್ದು ಬಳಕೆಯಲ್ಲಿ ಇರಬಾರದಿದ್ದ ಒಂದು ಹಳೆಯ ವಿಪಿಎನ್ ಖಾತೆಯಿಂದ, ಅಂದರೆ ಹೊರಗಿನಿಂದ ಕಚೇರಿಯ ಜಾಲಕ್ಕೆ ಸೇರುವ ಖಾತೆಯಿಂದ. ಒಂದು ಪಾಸ್‌ವರ್ಡಿನ ಹೊರತು ಅದಕ್ಕೆ ಬೇರೆ ಕಾವಲಿರಲಿಲ್ಲ. ಕೊಳವೆ ನಿಲ್ಲಿಸಬೇಕಾಯಿತು, ಬಂಕುಗಳ ಮುಂದೆ ಸಾಲು ನಿಂತಿತು, ಕಂಪನಿ 75 ಬಿಟ್‌ಕಾಯಿನ್ ಒತ್ತೆಹಣ ಕೊಟ್ಟಿತು.

ಇದುವರೆಗೆ ಹೇಳಿದ್ದು ಒಬ್ಬೊಬ್ಬರ ದಾಖಲೆ. ಮರದ ಎಲ್ಲಕ್ಕಿಂತ ಮೇಲಿನ ಗೆಣ್ಣಿನ ಮೇಲೆ, ಅಂದರೆ ಡೊಮೈನಿನ ಹೆಸರಿನ ಮೇಲೆಯೇ ಕ್ಲಿಕ್ ಮಾಡಿದರೆ ಇಡೀ ಸಂಸ್ಥೆಯ ಲಾಗಿನ್ ನಿಯಮ ಕಾಣುತ್ತದೆ. ಯಾರೂ ಕೈ ಹಚ್ಚದಿದ್ದರೆ ಅಲ್ಲಿ ಇರುವುದು ಹೀಗೆ: ಪಾಸ್‌ವರ್ಡ್ ಕನಿಷ್ಠ 7 ಅಕ್ಷರ, ಹಿಂದಿನ 24 ಪಾಸ್‌ವರ್ಡುಗಳನ್ನು ಮತ್ತೆ ಇಡುವಂತಿಲ್ಲ, 42 ದಿನಕ್ಕೊಮ್ಮೆ ಬದಲಿಸಬೇಕು. 42 ದಿನ ಎಂದು ನೇರವಾಗಿ ಬರೆದಿರುವುದಿಲ್ಲ. ಮೈನಸ್ 36288000000000 ಎಂದಿರುತ್ತದೆ, ಆ ಕೋಟಿ ಭಾಗದ ಸೆಕೆಂಡುಗಳ ಲೆಕ್ಕವೇ. ಲಾಕೌಟ್ ಥ್ರೆಶೋಲ್ಡ್ ಎಂಬ ಸಾಲಿನಲ್ಲಿ ಸೊನ್ನೆ. ಇದನ್ನು ನೋಡಿ ಕೆಲವರು, ಸೊನ್ನೆ ಎಂದರೆ ಬಹಳ ಬಿಗಿ, ಒಂದೂ ತಪ್ಪು ಸಹಿಸುವುದಿಲ್ಲ ಎಂದುಕೊಳ್ಳುತ್ತಾರೆ. ಅರ್ಥ ತದ್ವಿರುದ್ಧ. ಎಷ್ಟು ಸಲ ತಪ್ಪು ಒತ್ತಿದರೂ ಖಾತೆ ಲಾಕ್ ಆಗುವುದೇ ಇಲ್ಲ.

ಕಳ್ಳನಿಗೆ ಮೊದಲು ಬೇಕಾದ ಸಾಲು ಅದೇ. ಅಲ್ಲಿ 5 ಎಂದಿದ್ದರೆ ಅವನು ಒಬ್ಬೊಬ್ಬರ ಮೇಲೆ ಮೂರೋ ನಾಲ್ಕೋ ಸಲ ಪ್ರಯತ್ನಿಸಿ, ನಿಂತು, ತಪ್ಪುಗಳ ಎಣಿಕೆ ಅಳಿದ ಮೇಲೆ ಮತ್ತೆ ಬರುತ್ತಾನೆ. ಒಬ್ಬರ ಮೇಲೆ ಸಾವಿರ ಪಾಸ್‌ವರ್ಡ್ ಪ್ರಯೋಗಿಸುವ ಕಾಲ ಹೋಯಿತು, ಈಗ ಸಾವಿರ ಜನರ ಮೇಲೆ ಒಂದೇ ಪಾಸ್‌ವರ್ಡ್. ಊರಿನ ಹೆಸರು, ಅಟ್ ಚಿಹ್ನೆ, 123. ದೊಡ್ಡಕ್ಷರ, ಸಣ್ಣಕ್ಷರ, ಚಿಹ್ನೆ, ಅಂಕಿ ಎಲ್ಲ ಇರುವುದರಿಂದ ಬೆಂಗಳೂರು ಅಟ್ 123 ಕ್ಲಿಷ್ಟತೆಯ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗುತ್ತದೆ. ಸಾವಿರದಲ್ಲಿ ಒಬ್ಬರಾದರೂ ಅದನ್ನು ಇಟ್ಟುಕೊಂಡಿರುತ್ತಾರೆ. 42 ದಿನಕ್ಕೊಮ್ಮೆ ಬದಲಿಸಿ ಎಂದರೆ ಅವರು 123 ಅಳಿಸಿ 124 ಮಾಡುತ್ತಾರೆ. ಇದು ಗೊತ್ತಾಗಿಯೇ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲಿ, ಪಾಸ್‌ವರ್ಡ್ ಸೋರಿದ್ದಕ್ಕೆ ಸಾಕ್ಷಿ ಇಲ್ಲದೆ ಸುಮ್ಮನೆ ಅವಧಿಗೊಮ್ಮೆ ಬದಲಿಸಲು ಒತ್ತಾಯ ಮಾಡಬೇಡಿ ಎಂದು ಬರೆಯಿತು. 2019ರಲ್ಲಿ ಮೈಕ್ರೋಸಾಫ್ಟ್ ಕೂಡ ತನ್ನ ಶಿಫಾರಸು ಪಟ್ಟಿಯಿಂದ ಅವಧಿಯನ್ನು ತೆಗೆದುಹಾಕಿತು. ನಮ್ಮ ಎಷ್ಟೋ ಕಚೇರಿಗಳ ಸುತ್ತೋಲೆಗಳು ಇನ್ನೂ ಹಳೆಯ ಮಂತ್ರವನ್ನೇ ಹೇಳುತ್ತಿವೆ. ಉದ್ದದ ಪಾಸ್‌ವರ್ಡ್ ಇರಲಿ, ಜೊತೆಗೆ ಮೊಬೈಲಿನಲ್ಲಿ ಎರಡನೇ ದೃಢೀಕರಣ ಇರಲಿ, ಬದಲಿಸುವ ಕಾಟ ಕೈಬಿಡಿ ಎಂಬ ಸಲಹೆಯನ್ನು ನಾನು ಕೊಟ್ಟಾಗೆಲ್ಲ ಎದುರಿಗೆ ಕೂತವರು ಆಡಿಟ್‌ನವರು ಒಪ್ಪುವುದಿಲ್ಲ ಎನ್ನುತ್ತಾರೆ. ಇರಬಹುದು.

ದೀಪದ ಬುಡದಲ್ಲಿ ಕತ್ತಲೆ ಎಂಬುದಕ್ಕೆ ಈಚಿನ ಸಾಕ್ಷಿ ಮೈಕ್ರೋಸಾಫ್ಟಿನದೇ. 2023ರ ನವೆಂಬರ್ ಕೊನೆಯಲ್ಲಿ ರಷ್ಯಾ ಸರ್ಕಾರದ ನಂಟಿನ ತಂಡವೊಂದು ಇದೇ ಒಂದೇ ಪಾಸ್‌ವರ್ಡಿನ ತಂತ್ರದಿಂದ ಕಂಪನಿಯೊಳಗೆ ಕಾಲಿಟ್ಟಿತು. ಸಿಕ್ಕ ಖಾತೆ ಪರೀಕ್ಷೆಗೆಂದು ಎಂದೋ ಮಾಡಿಟ್ಟಿದ್ದ ಹಳೆಯದು, ಎರಡನೇ ದೃಢೀಕರಣ ಇರಲಿಲ್ಲ. ಅಲ್ಲಿಂದ ಹತ್ತಿ ಹೋಗಿ ಹಿರಿಯ ಅಧಿಕಾರಿಗಳ ಇಮೇಲ್ ಓದಿದರು. ಕಂಪನಿಗೆ ಗೊತ್ತಾದದ್ದು 2024ರ ಜನವರಿ 12ರಂದು. ಡೈರೆಕ್ಟರಿ ಕಟ್ಟಿ ಲೋಕಕ್ಕೆಲ್ಲ ಮಾರುವವರ ಮನೆಯಲ್ಲೇ ಯಾರೂ ನೋಡದ ಒಂದು ಖಾತೆ ಇತ್ತು. ನಮ್ಮ ಸಹಕಾರಿ ಬ್ಯಾಂಕು, ನಮ್ಮ ತಾಲ್ಲೂಕು ಕೇಂದ್ರದ ಕಾಲೇಜು ಇವುಗಳ ಪಾಡೇನು?

ಅವರ ಪಾಡನ್ನು ನಾನು ಬಲ್ಲೆ. ಸರ್ವರ್ ಹಾಕಿಕೊಟ್ಟವರು ಟೆಂಡರ್ ಹಿಡಿದವರು, ನೋಡಿಕೊಳ್ಳುವವನು ಎಎಂಸಿ ಹುಡುಗ, ಅಂದರೆ ವಾರ್ಷಿಕ ನಿರ್ವಹಣೆಯ ಗುತ್ತಿಗೆಯವನು. ಪ್ರಿಂಟರ್ ಕೆಟ್ಟರೆ ಅವನೇ, ನೆಟ್ ನಿಂತರೆ ಅವನೇ. ಒಂದು ವರ್ಷ ಇದ್ದು ಹೆಚ್ಚು ಸಂಬಳಕ್ಕೆ ಬೇರೆ ಕಡೆ ಹೋಗುತ್ತಾನೆ. ಹೋಗುವಾಗ ಅವನ ಅಡ್ಮಿನ್ ಖಾತೆ ಇಲ್ಲೇ ಉಳಿಯುತ್ತದೆ, ಅವನಿಗಿಂತ ಹಿಂದಿನವನದೂ. ಡೊಮೈನ್ ಅಡ್ಮಿನ್ಸ್ ಎಂಬ ಗುಂಪಿನ ಮೇಲೆ ಒಂದು ಕ್ಲಿಕ್ ಮಾಡಿ ಮೆಂಬರ್ ಸಾಲು ನೋಡಿದರೆ ಈ ವಂಶಾವಳಿ ಪೂರ್ತಿ ಕಾಣುತ್ತದೆ. ಆ ಹೆಸರುಗಳನ್ನು ನೋಡಿ ಇವರು ಯಾರು ಎಂದು ಹೇಳಬಲ್ಲವರು ಎಎಂಸಿ ಹುಡುಗನಲ್ಲ, ಕಚೇರಿಯ ಸೂಪರಿಂಟೆಂಡೆಂಟರು. ಅದಕ್ಕೇ ನಾನು ಹೇಳುವುದು, ಇಬ್ಬರೂ ಒಂದೇ ಪರದೆಯ ಮುಂದೆ ಅರ್ಧ ಗಂಟೆ ಕೂತುಕೊಳ್ಳಿ. ಅವನಿಗೆ ಸಂಖ್ಯೆ ಗೊತ್ತು, ನಿಮಗೆ ಮನುಷ್ಯರು ಗೊತ್ತು.

ಈಗ ಎಲ್ಲ ಕ್ಲೌಡಿಗೆ ಹೋಗಿದೆಯಲ್ಲ, ಇದರ ಅಗತ್ಯವೇನು ಎಂದು ನೀವು ಕೇಳಬಹುದು. ಮೈಕ್ರೋಸಾಫ್ಟಿನ ಕ್ಲೌಡ್ ಡೈರೆಕ್ಟರಿಯ ಹೆಸರು ಮೊದಲು ಅಜೂರ್ ಆಕ್ಟಿವ್ ಡೈರೆಕ್ಟರಿ, 2023ರಿಂದ ಎಂಟ್ರಾ ಐಡಿ. ಹಳೆಯ ಡೈರೆಕ್ಟರಿ ಓದಬೇಕಾದರೆ ಕಚೇರಿಯ ಒಳಗಿನ ಒಂದು ಲಾಗಿನ್ ಬೇಕಿತ್ತು. ಕ್ಲೌಡಿನಲ್ಲಿ ಕೆಲವು ವಿವರ ಹೊರಗಿನವರಿಗೇ ಕಾಣುತ್ತದೆ. ಸಂಸ್ಥೆಯ ಇಮೇಲಿನಲ್ಲಿ ಅಟ್ ಚಿಹ್ನೆಯ ನಂತರ ಬರುವ ಹೆಸರು ಗೊತ್ತಿದ್ದರೆ ಸಾಕು, ಅದು ಆ ಕ್ಲೌಡಿನಲ್ಲಿ ಇದೆಯೇ, ಅದರ ಗುರುತಿನ ಸಂಖ್ಯೆ ಏನು, ಪಾಸ್‌ವರ್ಡ್ ಪರೀಕ್ಷೆ ಮೈಕ್ರೋಸಾಫ್ಟಿನ ಬಳಿ ನಡೆಯುತ್ತದೆಯೋ ಸಂಸ್ಥೆಯ ಸ್ವಂತ ಸರ್ವರಿನಲ್ಲೋ, ಇದನ್ನೆಲ್ಲ ಯಾರು ಕೇಳಿದರೂ ಹೇಳುತ್ತದೆ. ಇದು ತೂತಲ್ಲ, ಬೇಕೆಂದೇ ಇಟ್ಟದ್ದು. ಓಪನ್‌ಐಡಿ ಕನೆಕ್ಟ್ ಎಂಬ ಮಾನಕದಂತೆ ಇವುಗಳಲ್ಲಿ ಕೆಲವು ವಿವರವನ್ನು ಬಹಿರಂಗವಾಗಿ ಇಡುತ್ತಾರೆ, ಇಲ್ಲದಿದ್ದರೆ ಬೇರೆ ತಂತ್ರಾಂಶಗಳಿಗೆ ಲಾಗಿನ್ ಪುಟ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ನೋಡಬೇಕಾದ ಸೆಟ್ಟಿಂಗ್ ಬೇರೆ ಇದೆ. ಎರಡನೇ ದೃಢೀಕರಣವನ್ನು ಎಲ್ಲರಿಗೂ ಹಚ್ಚುವ ಸೆಕ್ಯುರಿಟಿ ಡಿಫಾಲ್ಟ್ಸ್ ಎಂಬುದನ್ನು ಮೈಕ್ರೋಸಾಫ್ಟ್ 2019ರ ಅಕ್ಟೋಬರ್ 22ರ ಈಚೆಗೆ ಶುರುವಾದ ಸಂಸ್ಥೆಗಳಿಗೆ ತಾನೇ ಆನ್ ಮಾಡಿ ಕೊಡತೊಡಗಿತು. ನೀವು ಅದಕ್ಕೆ ಮುಂಚೆ ಕ್ಲೌಡಿಗೆ ಹೋದವರಾದರೆ ಅದು ಆಫ್ ಇರಬಹುದು, ನೋಡಿಕೊಳ್ಳಿ.

ಎಡಿ ಎಕ್ಸ್‌ಪ್ಲೋರರ್‌ನಲ್ಲಿ ಸ್ನ್ಯಾಪ್‌ಶಾಟ್ ಎಂಬ ಸೌಕರ್ಯವೂ ಇದೆ. ಡೈರೆಕ್ಟರಿಯ ಇವತ್ತಿನ ಸ್ಥಿತಿಯನ್ನು ಒಂದು ಕಡತದಲ್ಲಿ ಉಳಿಸಿಟ್ಟು, ಮೂರು ತಿಂಗಳ ಮೇಲೆ ಇನ್ನೊಂದು ತೆಗೆದು, ಎರಡರ ನಡುವೆ ಏನು ಬದಲಾಯಿತು ಎಂದು ಕೇಳಬಹುದು. ಅಡ್ಮಿನ್ ಗುಂಪಿಗೆ ಹೊಸದಾಗಿ ಸೇರಿದವರು ಯಾರು, ಯಾವ ಖಾತೆಯ ಮೇಲಿನ ಟಿಕ್ ಮಾಯವಾಯಿತು, ಎಲ್ಲ ಸಾಲುಸಾಲಾಗಿ ಬರುತ್ತದೆ. ಆ ಕಡತವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಗೆ ಒಯ್ಯಬೇಡಿ, ವಾಟ್ಸಾಪಿನಲ್ಲಿ ಎಎಂಸಿಯವನಿಗೆ ಕಳಿಸಬೇಡಿ. ಕಚೇರಿಯ ಪ್ರತಿ ಖಾತೆಯ ವಿವರ ಅದರಲ್ಲಿರುತ್ತದೆ, ತೆರೆಯಲು ಪಾಸ್‌ವರ್ಡ್ ಬೇಕಿಲ್ಲ. ಸೋರಿಕೆಯಂಥ ಘಟನೆ ಆದರೆ ಗೊತ್ತಾದ 6 ಗಂಟೆಯೊಳಗೆ ತನಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು ಎಂದು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಆದೇಶಿಸಿದೆ.

ಒಂದು ಖಾತೆಯ ಹೆಸರು ಹೇಳಿ ನಿಲ್ಲಿಸುತ್ತೇನೆ. ಯೂಸರ್ಸ್ ಎಂಬ ಕೊಂಬೆಯ ಕೆಳಗೆ ಕೆಆರ್‌ಬಿಟಿಜಿಟಿ ಎಂದಿರುತ್ತದೆ. ಯೂಸರ್ ಅಕೌಂಟ್ ಕಂಟ್ರೋಲ್ 514, ಅಂದರೆ ಬಂದ್ ಆದ ಖಾತೆ, ಯಾರೂ ಅದರಿಂದ ಲಾಗಿನ್ ಆಗುವುದಿಲ್ಲ. ಹಾಗೆಂದು ಅಳಿಸಬೇಡಿ. ಕೆರ್ಬರಾಸ್ ಕೊಡುವ ಪ್ರತಿ ಪಾಸಿಗೂ ಬೀಳುವ ಮೊಹರು ಈ ಖಾತೆಯ ಪಾಸ್‌ವರ್ಡಿನಿಂದಲೇ ತಯಾರಾದದ್ದು. ಆ ಮೊಹರು ಕದ್ದವನು ಯಾರ ಹೆಸರಿಗೆ ಬೇಕಾದರೂ ಪಾಸು ಬರೆದುಕೊಳ್ಳಬಹುದು. ಫ್ರಾನ್ಸಿನ ಬೆಂಜಮಿನ್ ಡೆಲ್ಪಿ 2011ರಲ್ಲಿ ಹೊರತಂದ ಮಿಮಿಕ್ಯಾಟ್ಜ್ ಎಂಬ ತಂತ್ರಾಂಶದಿಂದ ಮುಂದೆ ಇದು ಸುಲಿದ ಬಾಳೆಹಣ್ಣಾಯಿತು. ಆ ಖಾತೆಯ ಪಿಡಬ್ಲ್ಯುಡಿ ಲಾಸ್ಟ್ ಸೆಟ್ ಸಾಲು ನೋಡಿ. ಹಲವು ಕಡೆ ಅಲ್ಲಿ ಕಾಣುವುದು ಡೊಮೈನ್ ಹುಟ್ಟಿದ ದಿನಾಂಕವೇ, ಅಂದಿನಿಂದ ಯಾರೂ ಅದನ್ನು ಬದಲಿಸಿರುವುದಿಲ್ಲ. ಡೈರೆಕ್ಟರಿ ಅದರ ಈಗಿನ ಪಾಸ್‌ವರ್ಡ್ ಒಂದನ್ನು, ಹಿಂದಿನದೊಂದನ್ನು ನೆನಪಿಟ್ಟುಕೊಳ್ಳುವುದರಿಂದ ಒಂದು ಸಲ ಬದಲಿಸಿದರೆ ಸಾಲದು, ಎರಡು ಸಲ ಬದಲಿಸಬೇಕು. ಎರಡರ ನಡುವೆ 10 ಗಂಟೆಗಿಂತ ಹೆಚ್ಚು ಬಿಡುವು ಇರಲಿ, ಇಲ್ಲದಿದ್ದರೆ ಬೆಳಿಗ್ಗೆ ಪಡೆದ ಪಾಸುಗಳೆಲ್ಲ ಒಂದೇ ಏಟಿಗೆ ರದ್ದಾಗಿ ಕಚೇರಿ ನಿಂತುಹೋಗುತ್ತದೆ. ಒಂದನ್ನು ಶನಿವಾರ ಸಂಜೆ, ಇನ್ನೊಂದನ್ನು ಭಾನುವಾರ ಮಾಡಿಸಿ, ಸೋಮವಾರ ಬೆಳಿಗ್ಗೆ ಅದೇ ಸಾಲು ತೆರೆದು ದಿನಾಂಕ ಬದಲಾಗಿದೆಯೇ ನೋಡಿ.